ಪದ್ಮಿನಿಗೆ ಬೇರೆ ಎಂಜಿನ್: ಕೀ ಸ್ವಿಚ್ಚಿನ ವೈರಿಂಗ್ ಹೇಗೆ?

ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ 30ರಿಂದ ಮುಂಬಯಿ ರಸ್ತೆಗಿಳಿಯುತ್ತಿಲ್ಲ. ಟ್ಯಾಕ್ಸಿಗಳಿಗೆ ಇಲ್ಲಿ ಇರುವ ಇಪ್ಪತ್ತು ವರ್ಷದ ಮಿತಿಯನ್ನು ಅವು ಮುಟ್ಟಿದವು. ಆದರೆ ಕುರ್ಲಾದ ಕಾರ್ಖಾನೆಯಲ್ಲಿ ತಯಾರಾದ ಈ ಕಾರನ್ನು ಮನೆಯ ಗಾಡಿಯಾಗಿ ಉಳಿಸಿಕೊಂಡವರು ಈಗಲೂ ಇದ್ದಾರೆ. ಅದರ 1089 ಸಿಸಿ ಎಂಜಿನ್ ಸವೆದು ಹೋದಾಗ ಕೆಲವರ ಕಣ್ಣು ಅದೇ ಕಂಪನಿಯ 118 ಎನ್‌ಇ ಕಾರಿನ 1171 ಸಿಸಿ ನಿಸಾನ್ ಎಂಜಿನ್ ಮೇಲೆ ಬೀಳುತ್ತದೆ. ಇನ್ನು ಕೆಲವರಿಗೆ 137 ಡಿ ಮಾದರಿಯ 1366 ಸಿಸಿ ಡೀಸೆಲ್ ಎಂಜಿನ್ ಬೇಕು. ಎಂಜಿನ್ ಕೂರಿಸುವುದು ಮೆಕ್ಯಾನಿಕ್‌ನ ಕೆಲಸ, ಅದು ಹೇಗೋ ಆಗುತ್ತದೆ. ಎಷ್ಟೋ ಗಾಡಿಗಳು ನಿಂತುಬಿಡುವುದು ಆಮೇಲೆ, ಕೀ ಸ್ವಿಚ್ಚಿನ ಹಿಂದಿನ ನಾಲ್ಕು ವೈರುಗಳಲ್ಲಿ.

ಕೀ ಸ್ವಿಚ್ ಎಂದರೆ ಇಗ್ನಿಷನ್ ಸ್ವಿಚ್. ಬ್ಯಾಟರಿಯ ಕರೆಂಟನ್ನು ಯಾವಾಗ, ಯಾವ ಕಡೆ ಬಿಡಬೇಕು ಎಂದು ಅದು ನಿರ್ಧರಿಸುತ್ತದೆ. ಅದರ ಹಿಂದಿನ ಟರ್ಮಿನಲ್‌ಗಳಿಗೆ, ಅಂದರೆ ವೈರು ಸಿಕ್ಕಿಸುವ ಕಾಲುಗಳಿಗೆ, ಗುರುತು ಇರುತ್ತದೆ. ಯುರೋಪಿನ ಪದ್ಧತಿಯಲ್ಲಿ 30 ಎಂದರೆ ಬ್ಯಾಟರಿಯಿಂದ ನೇರವಾಗಿ ಬರುವ, ಸದಾ ಜೀವಂತ ವೈರು. 15 ಎಂದರೆ ಇಗ್ನಿಷನ್. 50 ಎಂದರೆ ಸ್ಟಾರ್ಟರ್. ಜಪಾನಿ ಗಾಡಿಗಳಲ್ಲಿ ಇವೇ ಬಿ, ಐಜಿ, ಎಸ್‌ಟಿ ಆಗುತ್ತವೆ. ರೇಡಿಯೊ ಮುಂತಾದವುಗಳಿಗೆ ಎಸಿಸಿ ಎಂಬುದು ಬೇರೆ. ಫಿಯೆಟ್ ಮೂಲದ ಈ ಕಾರಿಗೆ ನಿಸಾನ್ ಎಂಜಿನ್ ಬಂದಾಗ ಗೊಂದಲ ಶುರುವಾಗುವುದು ಇಲ್ಲೇ.

ವೈರಿನ ಬಣ್ಣ ನೋಡಿ ಜೋಡಿಸಿದರೆ ಸಾಲದೇ? ಸಾಲದು. ಇಷ್ಟು ಹಳೆಯ ಗಾಡಿಯಲ್ಲಿ ಯಾರು ಯಾವಾಗ ಯಾವ ಬಣ್ಣದ ವೈರು ಎಳೆದಿದ್ದಾರೋ ಹೇಳಲಾಗದು. ಹನ್ನೆರಡು ವೋಲ್ಟಿನ ಟೆಸ್ಟ್ ಲ್ಯಾಂಪ್ ತೆಗೆದುಕೊಳ್ಳಿ. ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆಯಿರಿ. ಲ್ಯಾಂಪಿನ ಕ್ಲಿಪ್ಪನ್ನು ಬಾಡಿಯ ಬರಿಯ ಲೋಹಕ್ಕೆ ಸಿಕ್ಕಿಸಿ, ಮೊನೆಯನ್ನು ಒಂದೊಂದೇ ಟರ್ಮಿನಲ್‌ಗೆ ಮುಟ್ಟಿಸಿ. ಕೀ ಆಫ್ ಇದ್ದಾಗಲೂ ಬೆಳಗುವುದು ಬ್ಯಾಟರಿ. ಕೀ ತಿರುಗಿಸಿ ಹಿಡಿದಾಗ ಮಾತ್ರ ಬೆಳಗುವುದು ಸ್ಟಾರ್ಟರ್. ಆನ್ ಇದ್ದಾಗಲೂ ಬೆಳಗಿ, ಸ್ಟಾರ್ಟ್ ಮಾಡುವಾಗಲೂ ಆರದೆ ಉಳಿಯುವುದು ಇಗ್ನಿಷನ್. ಸ್ಟಾರ್ಟ್ ಮಾಡುವ ಕ್ಷಣ ಆರುವುದು ಎಸಿಸಿ. ಇಷ್ಟನ್ನು ಕಾಗದದಲ್ಲಿ ಬರೆದುಕೊಂಡು, ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿದ ನಂತರವೇ ವೈರಿಗೆ ಕೈ ಹಾಕಿ.

ಇಗ್ನಿಷನ್ ಮತ್ತು ಎಸಿಸಿ, ಈ ಎರಡರ ವ್ಯತ್ಯಾಸ ಬಹಳ ಮುಖ್ಯ. ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲಿನ ವೈರನ್ನು ತಪ್ಪಿ ಎಸಿಸಿಗೆ ಕೊಟ್ಟರೆ ಸ್ಟಾರ್ಟರ್ ಗರಗರ ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ. ಕೀ ಬಿಟ್ಟ ಕ್ಷಣದಲ್ಲಿ ಒಮ್ಮೆ ಕೆಮ್ಮಿದಂತೆ ಮಾಡಿ ಸುಮ್ಮನಾಗುತ್ತದೆ. ಈ ಲಕ್ಷಣ ಕಂಡರೆ ಕಾರ್ಬ್ಯುರೇಟರ್ ಬಿಚ್ಚುವ ಮೊದಲು ಈ ವೈರು ನೋಡಿ.

ಪೆಟ್ರೋಲ್ ಎಂಜಿನ್‌ನ ಕಾಯಿಲಿಗೆ ಬ್ಯಾಲಸ್ಟ್ ರೆಸಿಸ್ಟರ್ ಬೇಕೇ ಎಂದೂ ಕೇಳಿಕೊಳ್ಳಿ. ಅದು ಕಾಯಿಲಿಗೆ ಹೋಗುವ ಕರೆಂಟನ್ನು ತಗ್ಗಿಸುವ ಪುಟ್ಟ ಬಿಡಿಭಾಗ. ಮಲ್ಟಿಮೀಟರಿನಲ್ಲಿ ಕಾಯಿಲಿನ ಪ್ರೈಮರಿ ಸುರುಳಿ ಸುಮಾರು 3 ಓಮ್ ತೋರಿಸಿದರೆ ಬೇಡ, 1.5 ಓಮ್ ಆಸುಪಾಸಿದ್ದರೆ ಬೇಕು. ಬೇಕಿದ್ದೂ ಹಾಕದೆ ಹೋದರೆ ಕಾಯಿಲ್ ಕಾದು, ಪಾಯಿಂಟ್ ಸುಟ್ಟುಹೋಗುತ್ತದೆ.

ಡೀಸೆಲ್ ಎಂಜಿನ್ನಿಗೆ ಕಾಯಿಲೇ ಇಲ್ಲ. ಅಲ್ಲಿ ಇಗ್ನಿಷನ್ ವೈರು ಡೀಸೆಲ್ ಪಂಪಿನ ಸೊಲೆನಾಯ್ಡ್‌ಗೆ ಹೋಗುತ್ತದೆ. ಅದು ಕರೆಂಟ್ ಇರುವವರೆಗೆ ಡೀಸೆಲ್ ಬಿಡುವ, ಹೋದೊಡನೆ ತಡೆಯುವ ಕವಾಟ. ಕೀ ತೆಗೆದರೂ ಎಂಜಿನ್ ನಿಲ್ಲದಿದ್ದರೆ ಮೊದಲು ನೋಡಬೇಕಾದದ್ದು ಇದೇ. ಗ್ಲೋ ಪ್ಲಗ್, ಅಂದರೆ ತಣ್ಣಗಿರುವ ಎಂಜಿನ್ನನ್ನು ಒಳಗಿನಿಂದ ಕಾಯಿಸುವ ಕಡ್ಡಿ, ಒಂದೊಂದೂ ಹತ್ತು ಆಂಪಿಯರ್ ಆಸುಪಾಸು ಎಳೆಯಬಹುದು. ನಾಲ್ಕರ ಭಾರವನ್ನು ಹಳೆಯ ಕೀ ಸ್ವಿಚ್ ಹೊತ್ತರೆ ಒಳಗಿನ ತಾಮ್ರ ಕರಗೀತು.

ಅದಕ್ಕೇ ರಿಲೇ ಹಾಕಿಸಿ ಎಂದು ಒತ್ತಾಯಿಸಿ ಹೇಳುತ್ತೇನೆ. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಡಬ್ಬಿ ಅದು. ರಿಲೇಯ 86ನೇ ಟರ್ಮಿನಲ್‌ಗೆ ಕೀ ಸ್ವಿಚ್ಚಿನ ವೈರು, 85ಕ್ಕೆ ಅರ್ಥ್, ಅಂದರೆ ಬಾಡಿಯ ಲೋಹ, 30ಕ್ಕೆ ಫ್ಯೂಸ್ ಮೂಲಕ ಬ್ಯಾಟರಿ, 87ರಿಂದ ಗ್ಲೋ ಪ್ಲಗ್ಗಿಗೋ ಸ್ಟಾರ್ಟರ್ ಸೊಲೆನಾಯ್ಡಿಗೋ. ಆಗ ಆ ಕೆಲಸಕ್ಕಾಗಿ ಕೀ ಸ್ವಿಚ್ಚಿನಲ್ಲಿ ಹರಿಯುವುದು ಒಂದು ಆಂಪಿಯರಿಗಿಂತ ಎಷ್ಟೋ ಕಡಿಮೆ. ಗ್ಲೋ ಪ್ಲಗ್ಗಿನ ರಿಲೇ ಮಾತ್ರ ಆ ಭಾರ ತಡೆಯುವ ದೊಡ್ಡದೇ ಇರಬೇಕು. ಬ್ಯಾಟರಿಯಿಂದ ಕೀ ಸ್ವಿಚ್ಚಿಗೆ ಬರುವ ದಪ್ಪ ವೈರಿಗೆ ಹಳೆಯ ಗಾಡಿಗಳಲ್ಲಿ ಹೆಚ್ಚಾಗಿ ಫ್ಯೂಸೇ ಇರುವುದಿಲ್ಲ. ಬ್ಯಾಟರಿಯ ಪಕ್ಕದಲ್ಲೇ ಒಂದು ಹಾಕಿಸಿ. ವೈರು ಬಾಡಿಗೆ ಉಜ್ಜಿ ಹೊತ್ತಿಕೊಳ್ಳುವುದನ್ನು ತಡೆಯುವುದು ಅದೊಂದೇ.

ಹಳೆಯ ಡೈನಮೊ ಹೋಗಿ ಆಲ್ಟರ್ನೇಟರ್ ಬಂದಿದೆಯೇ? ಹಾಗಾದರೆ ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ದೀಪವನ್ನು ನಿರ್ಲಕ್ಷಿಸಬೇಡಿ. ಅನೇಕ ಆಲ್ಟರ್ನೇಟರ್‌ಗಳು ಆ ಬಲ್ಬಿನ ಮೂಲಕ ಬರುವ ಅಷ್ಟಿಷ್ಟು ಕರೆಂಟಿನಿಂದಲೇ ಕೆಲಸ ಶುರು ಮಾಡುತ್ತವೆ. ಬಲ್ಬ್ ತೆಗೆದು ವೈರನ್ನು ನೇರವಾಗಿ ಸೇರಿಸಿದರೆ ಆಲ್ಟರ್ನೇಟರ್‌ನ ಕರೆಂಟು ಹಿಮ್ಮುಖವಾಗಿ ಇಗ್ನಿಷನ್‌ಗೆ ಹರಿದು, ಕೀ ತೆಗೆದರೂ ಎಂಜಿನ್ ಓಡುತ್ತಲೇ ಇರಬಹುದು.

ಎಲ್ಲ ಸರಿಯಿದ್ದೂ ಸ್ಟಾರ್ಟರ್ ಮೆಲ್ಲಗೆ ತಿರುಗುತ್ತಿದ್ದರೆ ಅರ್ಥ್ ನೋಡಿ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ, ರಬ್ಬರಿನಲ್ಲಿ ಕರೆಂಟ್ ಹರಿಯದು. ಎಂಜಿನ್ ಬದಲಿಸುವಾಗ ಎಂಜಿನ್ನಿನಿಂದ ಬಾಡಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿಯನ್ನು ಮರೆತರೆ, ಕರೆಂಟು ಆಕ್ಸಿಲರೇಟರ್ ಕೇಬಲಿನಂಥ ದಾರಿ ಹುಡುಕುತ್ತದೆ. ಕೇಬಲು ಕೈ ಸುಡುವಷ್ಟು ಕಾಯುತ್ತದೆ. ನಮ್ಮ ಕಡಲ ಗಾಳಿಯಲ್ಲಿ ತಾಮ್ರಕ್ಕೆ ಹಸಿರು ಕಿಲುಬು ಬೇಗ ಹಿಡಿಯುವುದರಿಂದ, ಮಳೆಗಾಲಕ್ಕೆ ಮೊದಲು ಕನೆಕ್ಟರುಗಳನ್ನು ಉಜ್ಜಿ ಗ್ರೀಸ್ ಸವರಿ.

ಕಾನೂನಿನ ಮಾತು. ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಬದಲಾವಣೆಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡಿ ಮಾಡುತ್ತದೆ. ಎಂಜಿನ್ ಕೊಳ್ಳುವ ಮೊದಲೇ ನಿಮ್ಮ ಆರ್‌ಟಿಓದಲ್ಲಿ, ತಾಡದೇವ್ ಇರಲಿ, ಅಂಧೇರಿ, ವಡಾಲಾ ಅಥವಾ ಬೊರಿವಲಿ ಇರಲಿ, ವಿಚಾರಿಸಿ. ಪೆಟ್ರೋಲಿನಿಂದ ಡೀಸೆಲ್‌ಗೆ ಹೋಗುವವರು ಇನ್ನೂ ಜಾಗ್ರತೆ ವಹಿಸಬೇಕು. ವಿಮಾ ಕಂಪನಿಗೂ ತಿಳಿಸಿ. ಐವತ್ತು ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಬೇಕಿದ್ದರೆ ಶುಲ್ಕ 20,000 ರೂಪಾಯಿ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಅಂಥ ಕಾರಿನ ಎಂಜಿನ್ ಬದಲಿಸದೆ ರಿಪೇರಿ ಮಾಡಿಸುವುದೇ ಲೇಸು.

ಖರ್ಚಿನಲ್ಲಿ ವೈರಿಂಗಿನ ಸಾಮಾನು ದೊಡ್ಡದಲ್ಲ. ರಿಲೇ ನೂರಿನ್ನೂರು ರೂಪಾಯಿಗೆ ಸಿಕ್ಕೀತು, ಮಲ್ಟಿಮೀಟರ್ ಕೆಲವು ನೂರಕ್ಕೆ. ಮೀಟರಿಗೆ ಲ್ಯಾಮಿಂಗ್ಟನ್ ರೋಡ್, ಬಿಡಿಭಾಗಕ್ಕೆ ಕುರ್ಲಾದ ಸಿಎಸ್‌ಟಿ ರೋಡ್, ಹಳೆಯ ಸ್ವಿಚ್ಚಿಗೆ ಚೋರ್ ಬಜಾರ್ ಸುತ್ತಿ ನೋಡಿ. ಹಳೆಯದನ್ನು ಕೊಳ್ಳುವಾಗ ಅಲ್ಲೇ ಮೀಟರ್ ಹಚ್ಚಿ, ಕೀ ತಿರುಗಿಸಿ, ಬಿಟ್ಟಾಗ ಸ್ಟಾರ್ಟ್‌ನಿಂದ ತಾನೇ ಹಿಂದಕ್ಕೆ ಬರುತ್ತದೆಯೇ ಎಂದು ಪರೀಕ್ಷಿಸಿ. ಕೂಲಿಯೇ ಹೆಚ್ಚು ಬೀಳುವುದು. ಆಟೊ ಎಲೆಕ್ಟ್ರಿಷಿಯನ್ ಬಳಿ ಮೊದಲೇ ದರ ಮಾತಾಡಿಕೊಂಡು, ಕೆಲಸ ಮುಗಿದ ದಿನವೇ ಯಾವ ವೈರು ಎಲ್ಲಿಗೆ ಹೋಗಿದೆ ಎಂಬ ನಕ್ಷೆಯನ್ನು ಅವರಿಂದ ಬರೆಸಿಕೊಳ್ಳಿ.