ತಾಲ್ಲೂಕು ಒಂದು, ಕ್ಷೇತ್ರ ಇನ್ನೊಂದು

ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣ ಹೋಬಳಿಯವರ ಪಹಣಿ, ಪೋಡಿ, ಪಿಂಚಣಿ ಕೆಲಸಗಳೆಲ್ಲ ಶಿರಾ ತಾಲ್ಲೂಕು ಕಚೇರಿಯಲ್ಲೇ ಆಗಬೇಕು. ವಿಧಾನಸಭೆಗೆ ಮಾತ್ರ ಅವರು ಆರಿಸುವುದು ಚಿಕ್ಕನಾಯಕನಹಳ್ಳಿ ಕ್ಷೇತ್ರದ ಶಾಸಕರನ್ನು. ಲೋಕಸಭೆ ಚುನಾವಣೆ ಬಂತೆಂದರೆ ಶಿರಾ ಪಟ್ಟಣದ ಮತ ಚಿತ್ರದುರ್ಗಕ್ಕೆ, ಬುಕ್ಕಾಪಟ್ಟಣದ ಮತ ತುಮಕೂರಿಗೆ. ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರ ಹೋಬಳಿಯ ಸ್ಥಿತಿಯೂ ಹೀಗೆಯೇ. ತಹಶೀಲ್ದಾರ್ ಗುಬ್ಬಿಯಲ್ಲಿ, ಶಾಸಕರು ತುರುವೇಕೆರೆಯವರು.

ಈ ಗೆರೆ ಎಳೆದದ್ದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಕ್ಷೇತ್ರ ಪುನರ್‌ವಿಂಗಡಣಾ ಆಯೋಗ. ಅದಕ್ಕೂ ಮುಂಚೆ 1971ರ ಜನಗಣತಿಯ ಆಧಾರದ ಮೇಲೆ ಆದ ವಿಂಗಡಣೆಯಂತೆ 1978ರಿಂದ 2004ರವರೆಗೂ ಚುನಾವಣೆಗಳು ನಡೆದವು. ಅಷ್ಟರಲ್ಲಿ ಊರು ಬಿಟ್ಟು ಬೆಂಗಳೂರು ಸೇರಿದವರಿಗೆ ಲೆಕ್ಕವಿರಲಿಲ್ಲ. 2002ರ ಕಾಯ್ದೆಯಡಿ ರಚನೆಯಾದ ಆಯೋಗ 2001ರ ಜನಗಣತಿಯನ್ನು ಮುಂದಿಟ್ಟುಕೊಂಡಾಗ ಈ ವಲಸೆಯ ಪರಿಣಾಮ ಕಣ್ಣಿಗೆ ಬಿತ್ತು.

ಲೆಕ್ಕ ಸರಳ. ರಾಜ್ಯದ ಜನಸಂಖ್ಯೆ ಸುಮಾರು 5.28 ಕೋಟಿ, ವಿಧಾನಸಭಾ ಸ್ಥಾನ 224. ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸುಮಾರು 2.36 ಲಕ್ಷ ಜನ. ತುಮಕೂರು ಜಿಲ್ಲೆಯಲ್ಲಿ ಆಗ ಇದ್ದವರು ಸುಮಾರು 25.8 ಲಕ್ಷ. ಅಂದರೆ 11 ಸ್ಥಾನ. ಅಲ್ಲಿಯವರೆಗೆ ಜಿಲ್ಲೆಗೆ 13 ಇದ್ದವು! ಕಳ್ಳಂಬೆಳ್ಳ, ಹುಲಿಯೂರುದುರ್ಗ, ಬೆಳ್ಳಾವಿ ಕ್ಷೇತ್ರಗಳು ಅಳಿಸಿಹೋದವು, ತುಮಕೂರು ಗ್ರಾಮಾಂತರ ಹೊಸದಾಗಿ ಹುಟ್ಟಿತು. ಕಳ್ಳಂಬೆಳ್ಳದಿಂದ ಹಿಂದೆ ಗೆದ್ದಿದ್ದ ಟಿ.ಬಿ. ಜಯಚಂದ್ರ 2008ರಲ್ಲಿ ಶಿರಾದಲ್ಲಿ ನಿಂತು ಗೆದ್ದರು.

ತೆಂಗಿನ ಸೀಮೆಯ ಮೂರೂ ಕ್ಷೇತ್ರಗಳು ಉಳಿದವು. ಚಿಕ್ಕನಾಯಕನಹಳ್ಳಿಗೆ 128, ತಿಪಟೂರಿಗೆ 129, ತುರುವೇಕೆರೆಗೆ 130ನೇ ಸಂಖ್ಯೆ ಸಿಕ್ಕಿತು. ಆದರೆ ಜನಸಂಖ್ಯೆ ಸರಿತೂಗಿಸಲು ಪಕ್ಕದ ತಾಲ್ಲೂಕಿನ ಹೋಬಳಿಗಳನ್ನು ತಂದು ಸೇರಿಸಬೇಕಾಯಿತು. ಬುಕ್ಕಾಪಟ್ಟಣ, ಸಿ.ಎಸ್. ಪುರದವರ ಪಾಲಿಗೆ ತಾಲ್ಲೂಕೊಂದು, ಕ್ಷೇತ್ರ ಇನ್ನೊಂದು ಆದದ್ದು ಹೀಗೆ. ಆಯೋಗದ ಅಂತಿಮ ಆದೇಶವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಸಂವಿಧಾನದಲ್ಲಿ ಅವಕಾಶವಿಲ್ಲ. ಜನ ಮಾತಾಡಬೇಕಿದ್ದರೆ ಅದು ಕರಡು ಪ್ರಕಟವಾಗಿ ಬಹಿರಂಗ ಸಭೆ ನಡೆಯುವ ಹೊತ್ತಿನಲ್ಲೇ.

ಪಂಚಾಯಿತಿಗಳ ಗೆರೆಯೇ ಬೇರೆ. ಗ್ರಾಮ ಪಂಚಾಯಿತಿಗೆ 400 ಜನರಿಗೊಬ್ಬ ಸದಸ್ಯ. ಆರು ಸಾವಿರ ಜನರಿರುವ ಪಂಚಾಯಿತಿಗೆ 15 ಸದಸ್ಯರು. ಹಳ್ಳಿಯವರು ಬ್ಲಾಕು ಎಂದು ಕರೆಯುವ ಒಂದೊಂದು ಕ್ಷೇತ್ರದಿಂದ ಇಬ್ಬರು ಮೂವರು ಆಯ್ಕೆಯಾಗುವುದೂ ಉಂಟು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಕ್ಷೇತ್ರಗಳನ್ನು ಗುರುತಿಸುವ ಅಧಿಕಾರ ರಾಜ್ಯ ಚುನಾವಣಾ ಆಯೋಗದ ಕೈಯಲ್ಲಿತ್ತು. 2021ರಲ್ಲಿ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಅದನ್ನು ಸೀಮಾ ನಿರ್ಣಯ ಆಯೋಗಕ್ಕೆ ವಹಿಸಿತು. 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲೇ ಮುಗಿದಿತ್ತು. ಚುನಾವಣೆ ನಡೆಯದ ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ವಿಳಂಬಕ್ಕಾಗಿ 2022ರ ಡಿಸೆಂಬರ್‌ನಲ್ಲಿ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡವೂ ಬಿತ್ತು. ಗಡಿ ತೀರ್ಮಾನವಾಗದೆ ಚುನಾವಣೆ ನಿಂತಿತು, ಜನಪ್ರತಿನಿಧಿಗಳು ಕೂರಬೇಕಾದ ಕುರ್ಚಿಯಲ್ಲಿ ಆಡಳಿತಾಧಿಕಾರಿಗಳು ಕೂತರು. ಕುಡಿಯುವ ನೀರಿಗೆ, ಶಾಲೆಯ ಚಾವಣಿಗೆ ಯಾರನ್ನು ಕೇಳಬೇಕೆಂದು ಹಳ್ಳಿಗಳು ಪರದಾಡಿದ್ದು ಸಣ್ಣ ಅನ್ಯಾಯವಲ್ಲ.

ಮತಗಟ್ಟೆಯ ವಿಷಯದಲ್ಲಿ ಮಾತ್ರ ಮತದಾರರ ದನಿಗೆ ಹೆಚ್ಚು ಜಾಗವಿದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 25ನೇ ಕಲಂ ಪ್ರಕಾರ ಲೋಕಸಭೆ, ವಿಧಾನಸಭೆ ಚುನಾವಣೆಗಳ ಮತಗಟ್ಟೆ ಗೊತ್ತುಮಾಡುವ ಹೊಣೆ ಜಿಲ್ಲಾ ಚುನಾವಣಾಧಿಕಾರಿಯದು, ಅಂದರೆ ಜಿಲ್ಲಾಧಿಕಾರಿಯದು. ಅದಕ್ಕೆ ಚುನಾವಣಾ ಆಯೋಗದ ಒಪ್ಪಿಗೆ ಬೇಕು. ಮತದಾರ ಎರಡು ಕಿಲೋಮೀಟರಿಗಿಂತ ಹೆಚ್ಚು ನಡೆಯುವಂತಿರಬಾರದು. ಕೊಠಡಿ ನೆಲ ಅಂತಸ್ತಿನಲ್ಲಿರಬೇಕು, ಗಾಲಿಕುರ್ಚಿಗೆ ಇಳಿಜಾರು ಬೇಕು. ಪೊಲೀಸ್ ಠಾಣೆ, ಆಸ್ಪತ್ರೆ, ಗುಡಿ ಗುಂಡಾರಗಳಲ್ಲಿ ಮತಗಟ್ಟೆ ಮಾಡುವಂತಿಲ್ಲ. 200 ಮೀಟರ್ ಒಳಗೆ ಪಕ್ಷದ ಕಚೇರಿ ಇರಕೂಡದು. 300ಕ್ಕಿಂತ ಹೆಚ್ಚು ಮತದಾರರಿದ್ದು, ತಕ್ಕ ಕಟ್ಟಡವಿದ್ದರೆ ಆ ಊರಿಗೇ ಮತಗಟ್ಟೆ ಕೊಡಬಹುದು. ಒಂದು ಮತಗಟ್ಟೆಗೆ 1,500 ಮತದಾರರೆಂದಿದ್ದ ಮಿತಿಯನ್ನು 2025ರಲ್ಲಿ 1,200ಕ್ಕೆ ಇಳಿಸಲಾಯಿತು.

ತೆಂಗಿನ ಸೀಮೆಯ ಸಂಪಿಗೆ ಊರಿನ ಸುತ್ತಮುತ್ತಲಿನಂಥ ಕಡೆ ಈ ಎರಡು ಕಿಲೋಮೀಟರ್ ಬಹಳ ಮುಖ್ಯ. ಇಲ್ಲಿ ಎಲ್ಲರೂ ಊರೊಳಗಿಲ್ಲ. ಎಷ್ಟೋ ಸಂಸಾರಗಳು ತೋಟದ ಮನೆಯಲ್ಲಿವೆ, ಗೊಲ್ಲರಹಟ್ಟಿಗಳು ಊರಾಚೆ ಇವೆ. ಊರಿನ ಶಾಲೆಯಿಂದ ಅಳೆದ ದೂರಕ್ಕೂ ತೋಟದ ಅಂಚಿನ ಮನೆಯ ಅಜ್ಜಿ ನಡೆಯುವ ದೂರಕ್ಕೂ ವ್ಯತ್ಯಾಸವಿದೆ. ಅದು ಗೊತ್ತಿರುವವರು ಮನೆಮನೆ ತಿರುಗುವ ಬಿಎಲ್‌ಒಗಳು, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿಗಳು. ಅವರಲ್ಲಿ ಅಂಗನವಾಡಿ ಕಾರ್ಯಕರ್ತೆಯರೂ ಶಿಕ್ಷಕರೂ ಹೆಚ್ಚು.

ಮತದಾರರ ಪಟ್ಟಿ ಪರಿಷ್ಕರಣೆಗೆ ಮೊದಲು ಮತಗಟ್ಟೆಗಳ ಪರಿಶೀಲನೆ ನಡೆಯುತ್ತದೆ. ಶಿಥಿಲವಾದ ಶಾಲೆ, ಮಿತಿ ಮೀರಿದ ಮತದಾರರು, ಮಧ್ಯೆ ಹಳ್ಳ ಇರುವ ದಾರಿ, ಇವನ್ನೆಲ್ಲ ನೋಡಿ ಕರಡು ಪಟ್ಟಿ ಸಿದ್ಧವಾಗುತ್ತದೆ. ಆಕ್ಷೇಪಣೆ ಸಲ್ಲಿಸಲು ದಿನ ಗೊತ್ತುಮಾಡುತ್ತಾರೆ, ರಾಜಕೀಯ ಪಕ್ಷಗಳ ಸಭೆ ಕರೆಯುತ್ತಾರೆ. ಆ ಸಭೆಗಳಿಗೆ ಪಕ್ಷದವರಲ್ಲದೆ ಹಟ್ಟಿಯವರ ಅರ್ಜಿಯೂ ತಲುಪಬೇಕು.

ದೊಡ್ಡ ಗೆರೆಯ ಸರದಿಯೂ ದೂರವಿಲ್ಲ. 2001ರ ಸಂವಿಧಾನ ತಿದ್ದುಪಡಿಯಂತೆ ಕ್ಷೇತ್ರಗಳ ಮರುಹೊಂದಾಣಿಕೆ 2026ರ ನಂತರದ ಮೊದಲ ಜನಗಣತಿಗೆ ಕಾಯಬೇಕು, ಆ ಗಣತಿಗೆ 2027ರ ಮಾರ್ಚ್ 1 ನಿಗದಿಯಾಗಿದೆ. ಬೆಂಗಳೂರು ಇನ್ನೂ ಬೆಳೆದಿದೆ. ತುಮಕೂರಿನ 11 ಸ್ಥಾನಗಳ ಲೆಕ್ಕ ಮತ್ತೆ ತೆರೆದಾಗ, ತಾಲ್ಲೂಕು ಕಚೇರಿಗೊಂದು ದಿಕ್ಕು, ಶಾಸಕರ ಮನೆಗೊಂದು ದಿಕ್ಕು ಓಡಾಡಿದ ವರ್ಷಗಳ ಅನುಭವವನ್ನು ಸಿ.ಎಸ್. ಪುರ, ಬುಕ್ಕಾಪಟ್ಟಣದವರು ಕರಡಿನ ಹಂತದಲ್ಲೇ ಬರವಣಿಗೆಯಲ್ಲಿ ಕೊಡಬೇಕಾಗುತ್ತದೆ.