ಜೇನುಮನೆಯಲ್ಲಿ ಎಲ್ಲ ಕಾಲಕ್ಕೂ ಒಂದೇ ಹದ

ರೇಷ್ಮೆಹುಳು ಸಾಕುವ ಮನೆಯ ಕಷ್ಟವನ್ನು ಕೋಲಾರದ ಕಡೆಯ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಬೇಸಿಗೆ ಬಂತೆಂದರೆ ಕಿಟಕಿ ಬಾಗಿಲುಗಳಿಗೆ ಒದ್ದೆ ಗೋಣಿತಾಟು ಕಟ್ಟಬೇಕು. ಚಳಿ ಬಂತೆಂದರೆ ಕೆಂಡವಿಟ್ಟು ಮನೆ ಬೆಚ್ಚಗೆ ಮಾಡಬೇಕು. ಈ ಎರಡು ಕೆಲಸವನ್ನೂ ಯಾರ ಸಹಾಯವಿಲ್ಲದೆ ತಾವೇ ಮಾಡಿಕೊಳ್ಳುವ ಜಾಣೆಯರಿದ್ದಾರೆ. ಅವರೇ ಜೇನುಹುಳುಗಳು! ಗೂಡಿನಲ್ಲಿ ದುಡಿಯುವ ಹುಳುಗಳೆಲ್ಲ ಹೆಣ್ಣೇ ಅನ್ನೋದು ನಿಮಗೆ ಗೊತ್ತಲ್ಲ?

ಜೇನಿನ ಮರಿಗಳು ಸರಿಯಾಗಿ ಬೆಳೆಯಲು ಸುಮಾರು 33ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ನಮ್ಮ ಮೈಬಿಸಿಗಿಂತ ತುಸು ಕಡಿಮೆ ಎನ್ನಿ. ಬಹಳ ಏರಿದರೂ ಇಳಿದರೂ ಮರಿಗಳು ಸಾಯುತ್ತವೆ, ಇಲ್ಲವೇ ರೆಕ್ಕೆ ಮುದುಡಿ ಹೊರಬರುತ್ತವೆ.

ಏಪ್ರಿಲ್-ಮೇ ತಿಂಗಳಲ್ಲಿ ಮುಳಬಾಗಿಲಿನ ಬಂಡೆಗಳು ಕಾದ ಕಾವಲಿಯಂತಾಗುತ್ತವೆ. ಆಗ ನಮ್ಮ ತುಡುವೆ ಜೇನುಗಳು ಗೂಡಿನ ಬಾಗಿಲಲ್ಲಿ ಹೊರಕ್ಕೆ ಮುಖಮಾಡಿ ನಿಂತು, ಬೀಸಣಿಗೆಯಂತೆ ರೆಕ್ಕೆ ಬೀಸಿ ಒಳಕ್ಕೆ ಗಾಳಿ ತಳ್ಳುತ್ತವೆ. ಅದಕ್ಕೂ ಸೆಖೆ ತಗ್ಗದಿದ್ದರೆ ನೀರು ಹೊತ್ತು ತಂದು ಎರಿಯ ಮೇಲೆ ಸವರುತ್ತವೆ. ಆ ನೀರು ಆರುತ್ತಾ ಗೂಡು ತಣ್ಣಗಾಗುತ್ತದೆ. ಮಣ್ಣಿನ ಮಡಕೆಯ ನೀರು ತಂಪಾಗುವುದೂ ಹೀಗೇ ತಾನೇ?

1950ರ ದಶಕದಲ್ಲಿ ಜರ್ಮನಿಯ ವಿಜ್ಞಾನಿ ಮಾರ್ಟಿನ್ ಲಿಂಡಾವರ್ ಅವರು ಇಟಲಿಯ ಲಾವಾ ಬಂಡೆಯ ಮೇಲೆ, ಸುಡುಬಿಸಿಲಿನಲ್ಲಿ, ಅಲ್ಲಿಯ ಜೇನಿನ ಪೆಟ್ಟಿಗೆ ಇಟ್ಟು ನೋಡಿದರು. ಹೊರಗೆ 70 ಡಿಗ್ರಿ ಕಾದರೂ, ನೀರು ಸಿಗುತ್ತಿದ್ದುದರಿಂದ ಒಳಗೆ 35 ದಾಟಲಿಲ್ಲ!

ಇನ್ನು ಚಳಿಗಾಲ. ಶ್ರೀನಿವಾಸಪುರದ ತೋಪುಗಳಲ್ಲಿ ಮಾವು ಹೂ ಬಿಡುವ ದಿನಗಳಲ್ಲಿ ಬೆಳಗಿನ ಜಾವ ನಾವೇ ಹೊದಿಕೆ ಬಿಟ್ಟು ಏಳುವುದಿಲ್ಲ. ಜೇನುಗಳೋ, ಮರಿಗಳಿರುವ ಎರಿಯ ಮೇಲೆ ಒತ್ತೊತ್ತಾಗಿ ಕೂರುತ್ತವೆ. ರೆಕ್ಕೆ ಅಲುಗಿಸದೆ, ಹಾರಲು ಬಳಸುವ ಸ್ನಾಯುಗಳನ್ನಷ್ಟೇ ನಡುಗಿಸಿ ಮೈ ಕಾಯಿಸಿಕೊಳ್ಳುತ್ತವೆ. ತಾಯಿಯ ಮಡಿಲಿನಂತೆ ಆ ಬಿಸಿ ಮರಿಗಳಿಗೆ ತಾಗುತ್ತದೆ. ಈ ಒಲೆಗೆ ಸೌದೆ ಯಾವುದು ಗೊತ್ತೇ? ಕೂಡಿಟ್ಟ ಜೇನುತುಪ್ಪವೇ. ಹೊರಗೆ ಹೋಗಲಾಗದ ಮಳೆಯ ದಿನಗಳಲ್ಲೂ ಅದೇ ಆಧಾರ.

ಹಿತ್ತಲಲ್ಲಿ ಪೆಟ್ಟಿಗೆ ಇಟ್ಟವರು, ಇಡಬೇಕೆಂದಿರುವವರು ಇಷ್ಟನ್ನು ನೆನಪಿಡಿ. ಪೆಟ್ಟಿಗೆಯನ್ನು ಹೊಂಗೆಯಂಥ ಮರದ ನೆರಳಿನಲ್ಲಿಡಿ. ಮರವಿಲ್ಲವೇ? ಕಂಬ ನೆಟ್ಟು ತೆಂಗಿನ ಗರಿ ಹೊದಿಸಿ, ಇಲ್ಲವೇ ಮಾಲೂರು ಹೆಂಚಿನ ಪುಟ್ಟ ಸೂರು ಮಾಡಿಸಿ. ಸಮೀಪದಲ್ಲೇ ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರಿಡಿ. ಹುಳು ಮುಳುಗದಂತೆ ಬೆಣಚುಕಲ್ಲು ಹಾಕಿ, ದಿನವೂ ನೀರು ಬದಲಿಸಿ. ಚಳಿಯ ಮುಂಜಾನೆ, ಉರಿಬಿಸಿಲಿನ ಮಧ್ಯಾಹ್ನ ಪೆಟ್ಟಿಗೆ ತೆರೆಯಬೇಡಿ. ತುಪ್ಪ ತೆಗೆಯುವಾಗ ಅವುಗಳ ಪಾಲನ್ನು ಉಳಿಸಿಯೇ ತೆಗೆಯಿರಿ.

ಕೆರೆ ಕುಂಟೆ ಬತ್ತುವ ಸೀಮೆ ನಮ್ಮದು. ಎಷ್ಟೇ ಜಾಣೆಯರಾದರೂ ನೀರಿಲ್ಲದೆ ಗೂಡು ತಣಿಸಲಾರರು. ನೆರಳೂ ಇಲ್ಲ, ನೀರೂ ಇಲ್ಲ ಎಂದಾದರೆ ತುಡುವೆ ಜೇನು ಮರಿ, ಎರಿ ಎಲ್ಲ ಬಿಟ್ಟು ಎದ್ದುಹೋಗುತ್ತದೆ. ನಿಮಗೆ ಉಳಿಯುವುದು ಖಾಲಿ ಪೆಟ್ಟಿಗೆ. ಪಾತ್ರೆ ತೊಳೆಯುವ ಮುಂಚೆ ಒಂದು ಚೊಂಬು ಒಳ್ಳೆ ನೀರನ್ನು ಆ ತಟ್ಟೆಗೆ ಸುರಿದರೆ ಸಾಕು, ಉಳಿದ ಸಂಸಾರವನ್ನು ಅವೇ ನೋಡಿಕೊಳ್ಳುತ್ತವೆ.