ಮಕರಂದವಿಲ್ಲದ ಹೂವು: ಆವರಿಕೆ

ಬಯಲುಸೀಮೆಯ ರಸ್ತೆಯಂಚಿನಲ್ಲೂ ಗೋಮಾಳಗಳಲ್ಲೂ ಪೊದೆಯಾಗಿ ಬೆಳೆದು ಹಳದಿ ಗೊಂಚಲುಗಳನ್ನು ಹೊರುವ ಆವರಿಕೆಯು, ತಂಗಡಿ ಎಂಬ ಹೆಸರೂ ಇರುವ, ಅವರೆ ತೊಗರಿಗಳ ಕುಟುಂಬಕ್ಕೇ ಸೇರಿದ ಸಸ್ಯವಾಗಿದ್ದು, ಸಸ್ಯಶಾಸ್ತ್ರದಲ್ಲಿ ಸೆನ್ನಾ ಆರಿಕ್ಯುಲೇಟಾ ಎನಿಸಿಕೊಂಡಿದೆ. ಈ ಹೂವಿನಲ್ಲಿ ಮಕರಂದವಿಲ್ಲ. ಬಂದ ಕೀಟಕ್ಕೆ ಅದು ಕೊಡುವುದು ಪರಾಗವನ್ನು ಮಾತ್ರ, ಅದನ್ನೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಪರಾಗಕೋಶಗಳು, ಅಂದರೆ ಕೇಸರಗಳ ತುದಿಯಲ್ಲಿರುವ ಪರಾಗದ ಚೀಲಗಳು, ಉದ್ದಕ್ಕೆ ಸೀಳದೆ ತುದಿಯ ಸಣ್ಣ ರಂಧ್ರಗಳಲ್ಲಷ್ಟೇ ತೆರೆದುಕೊಳ್ಳುವುದರಿಂದ, ಬಡಗಿ ಜೇನಿನಂಥ ದೊಡ್ಡ ಜೇನುಗಳು ಹೂವನ್ನು ಅವುಚಿ ಹಿಡಿದು, ರೆಕ್ಕೆಯ ಸ್ನಾಯುಗಳನ್ನು ಕಂಪಿಸಿ, ಜರಡಿಯಾಡಿಸಿ ಹಿಟ್ಟು ಉದುರಿಸುವಂತೆ ಪರಾಗವನ್ನು ಉದುರಿಸಿಕೊಳ್ಳುತ್ತವೆ. ಇದಕ್ಕೆ ಕಂಪನ ಪರಾಗಸ್ಪರ್ಶ ಎಂದು ಹೆಸರು. ಗಿಡ್ಡ ಕೇಸರಗಳ ಪರಾಗ ಬಹುಮಟ್ಟಿಗೆ ಜೇನಿನ ಆಹಾರವಾದರೆ, ಉದ್ದ ಕೇಸರಗಳ ಪರಾಗವು ಅದರ ಮೈಗೆ ಅಂಟಿ ಮುಂದಿನ ಹೂವನ್ನು ಸೇರುತ್ತದೆ. ಲೆಕ್ಕವಿಟ್ಟು ಮಾಡಿದ ದಾನವೆಂದೇ ಇದನ್ನು ಕರೆಯಬೇಕು.

ಚರ್ಮ ಹದಮಾಡುವವರಿಗೆ ಬೇಕಾಗಿದ್ದುದು ಹೂವಲ್ಲ, ತೊಗಟೆ. ಅದರಲ್ಲಿ ಹೇರಳವಾಗಿರುವ ಟ್ಯಾನಿನ್, ಎಂದರೆ ಚರ್ಮದ ಪ್ರೋಟೀನಿಗೆ ಬೆಸೆದು ಅದು ಕೊಳೆಯದಂತೆ ಕಾಯುವ ಒಗರು ದ್ರವ್ಯವು, ದಕ್ಷಿಣ ಭಾರತದ ಚರ್ಮೋದ್ಯಮಕ್ಕೆ ದೀರ್ಘಕಾಲ ಆಧಾರವಾಗಿದ್ದು, 20ನೆಯ ಶತಮಾನದಲ್ಲಿ ಆಫ್ರಿಕಾದ ವ್ಯಾಟಲ್ ತೊಗಟೆ ಬಂದ ಮೇಲೆ ಹಿಂದೆ ಸರಿಯಿತು. ನೆರೆಯ ತೆಲಂಗಾಣವು ಇದೇ ಹೂವನ್ನು ತನ್ನ ರಾಜ್ಯಪುಷ್ಪವಾಗಿ ಆರಿಸಿಕೊಂಡಿದ್ದು, ಅಲ್ಲಿನ ಬತುಕಮ್ಮ ಹಬ್ಬದ ಹೂಗೋಪುರದಲ್ಲಿ ತಂಗಡಿಗೆ ಖಾಯಂ ಸ್ಥಾನವಿದೆ.